ಎಡದ ಫೈಲು, ಬಲದ ಫೈಲು

ಪ್ರಕೃತಿಯು ಮನುಷ್ಯನಿಗೆ ಎರಡು ಕಿವಿಗಳನ್ನು ಕೊಟ್ಟಿರುವುದು, ಒಂದು ಕೆಟ್ಟರೆ ಮತ್ತೊಂದಿರಲಿ ಎಂಬ ಮುಂದಾಲೋಚನೆಯಿಂದ ಮಾತ್ರವೇ ಅಲ್ಲ. ನಮ್ಮ ಬಲಗಡೆ ನಿಂತು ಒಬ್ಬನು ಚಪ್ಪಾಳೆ ತಟ್ಟಿದನೆಂದು ಭಾವಿಸೋಣ. ಆ ಶಬ್ದವು ಬಲಗಿವಿಯನ್ನು ಮೊದಲು ಮುಟ್ಟುತ್ತದೆ. ತಲೆಯನ್ನು ಬಳಸಿಕೊಂಡು ಎಡಗಿವಿಯನ್ನು ಸೇರುವಷ್ಟರಲ್ಲಿ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆಯಾದ ಒಂದು ಕಾಲಾಂಶವು ಕಳೆದಿರುತ್ತದೆ. ಇಷ್ಟು ಅಲ್ಪವಾದ ಅಂತರವನ್ನು ನಮ್ಮ ಮೆದುಳು ಗುರುತಿಸಿ, ಶಬ್ದವು ಬಂದ ದಿಕ್ಕನ್ನು ನಿರ್ಣಯಿಸುತ್ತದೆ. ಈ ತತ್ತ್ವವನ್ನು ಅವಲಂಬಿಸಿ ಇಂಗ್ಲೆಂಡಿನ ಎಂಜಿನಿಯರ್ ಆಲನ್ ಬ್ಲೂಮ್‌ಲೈನ್ ಎಂಬವರು ೧೯೩೧ರ ಡಿಸೆಂಬರ್ ತಿಂಗಳಲ್ಲಿ ಒಂದು ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಎರಡು ಮೈಕ್ರೋಫೋನುಗಳು ಕೇಳಿದುದನ್ನು ಬೇರೆ ಬೇರೆಯಾಗಿಯೇ ಮುದ್ರಿಸಿಕೊಂಡು, ಎರಡು ಧ್ವನಿವರ್ಧಕಗಳ ಮೂಲಕ ಮರಳಿ ನುಡಿಸಿದರೆ ಕೇಳುಗನು ವಾದ್ಯವಾದ್ಯದ ಸ್ಥಾನವನ್ನೂ ಅರಿಯಬಲ್ಲನೆಂಬುದು ಅವರ ವಿಚಾರದ ಸಾರ. ಇಂದು ನಾವು ಸ್ಟೀರಿಯೋ ಎಂದು ಕರೆಯುವುದು ಇದನ್ನೇ.

ಎಡಗಿವಿಗೆ ಸಲ್ಲುವ ಧ್ವನಿ, ಬಲಗಿವಿಗೆ ಸಲ್ಲುವ ಧ್ವನಿ ಎಂಬ ಈ ಅವಳಿಗಳನ್ನು ಗಣಕಯಂತ್ರದಲ್ಲಿ ಕಾಪಿಡಲು ಎರಡು ಮಾರ್ಗಗಳುಂಟು. ಎರಡನ್ನೂ ಒಂದೇ ಫೈಲಿನಲ್ಲಿ ಹೆಣೆದು ಇಡುವುದು ಒಂದು. ಪ್ರತಿಯೊಂದಕ್ಕೂ ಪ್ರತ್ಯೇಕವಾದ ಫೈಲನ್ನು ಮಾಡುವುದು ಇನ್ನೊಂದು. ಧ್ವನಿಮುದ್ರಣ ಸ್ಟುಡಿಯೋಗಳಲ್ಲಿ ಬಹುಕಾಲದಿಂದ ಹೆಸರುವಾಸಿಯಾಗಿರುವ ಪ್ರೋ ಟೂಲ್ಸ್ ಎಂಬ ಸಾಧನವು ಎರಡನೆಯ ಮಾರ್ಗವನ್ನು ಹಿಡಿದಿತ್ತು. ‘ವೀಣೆ’ ಎಂಬ ಹೆಸರಿನ ಒಂದು ಸ್ಟೀರಿಯೋ ಮುದ್ರಣವಿದ್ದರೆ ಅದು ತಟ್ಟೆಯ ಮೇಲೆ ‘ವೀಣೆ.ಎಲ್.ವೇವ್’ ಎಂದೂ ‘ವೀಣೆ.ಆರ್.ವೇವ್’ ಎಂದೂ ಎರಡು ಫೈಲುಗಳಾಗಿ ನೆಲೆಸುತ್ತಿತ್ತು. ಇಲ್ಲಿ ಎಲ್ ಎಂಬುದು ಎಡಕ್ಕೂ ಆರ್ ಎಂಬುದು ಬಲಕ್ಕೂ ಇರುವ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳು. ಹೆಣೆದ ಫೈಲುಗಳನ್ನು ಬಿಡಿಸದೆ ಹಾಗೆಯೇ ಬಳಸುವ ಅನುಕೂಲವು ೨೦೧೧ರಲ್ಲಿ ಬಂದ ಅದರ ೧೦ನೆಯ ಆವೃತ್ತಿಯಲ್ಲಿ ದೊರೆಯಿತು. ಆದರೆ ಅದಕ್ಕೆ ಮೊದಲಿನ ಮುದ್ರಣಗಳು ಕಪಾಟುಗಳಲ್ಲಿಯೂ ತಟ್ಟೆಗಳಲ್ಲಿಯೂ ಜೋಡಿಜೋಡಿಯಾಗಿಯೇ ಉಳಿದಿವೆ.

ಜೋಡಿಗಳು ಹುಟ್ಟುವ ಸಂದರ್ಭಗಳು ಇನ್ನೂ ಉಂಟು. ಜೂಮ್ ಕಂಪೆನಿಯ ಎಚ್೪ಎನ್ ಎಂಬ ಕೈಮುದ್ರಕವು ನಾಲ್ಕು ಚಾನೆಲ್ಲುಗಳ ರೀತಿಯಲ್ಲಿ ಕೆಲಸಮಾಡುವಾಗ, ತನ್ನದೇ ಮೈಕುಗಳು ಕೇಳಿದುದಕ್ಕೆ ಒಂದು ಫೈಲನ್ನೂ ಹೊರಗಿನಿಂದ ತಂತಿಯ ಮೂಲಕ ಬಂದುದಕ್ಕೆ ಮತ್ತೊಂದನ್ನೂ ಮಾಡುತ್ತದೆ. ಎರಡರ ಹೆಸರಿಗೂ ಇರುವ ಭೇದ ಕಡೆಯ ಒಂದಕ್ಷರ ಮಾತ್ರ. ಹಳೆಯ ಕ್ಯಾಸೆಟ್ಟುಗಳನ್ನು ಗಣಕಕ್ಕೆ ಇಳಿಸುವವರು ಒಂದೊಂದು ಮಗ್ಗುಲಿಗೆ ಒಂದೊಂದು ಫೈಲು ಮಾಡಿ ೦೦೧-ಎ, ೦೦೧-ಬಿ ಎಂದು ಹೆಸರಿಡುವುದೂ ಸಾಮಾನ್ಯ.

ಬೆರಳೆಣಿಕೆಯ ಜೋಡಿಗಳಿದ್ದಲ್ಲಿ ಒಂದೊಂದನ್ನೂ ಕೈಯಿಂದಲೇ ತೆರೆದು ಕೂಡಿಸಬಹುದು. ಆದರೆ ಒಂದು ಸಂಗೀತ ಸಂಗ್ರಹಾಲಯದಲ್ಲಿ ಸಾವಿರ ಜೋಡಿಗಳಿವೆಯೆಂದು ಇಟ್ಟುಕೊಳ್ಳಿ. ಜೋಡಿಯೊಂದಕ್ಕೆ ಎರಡೇ ನಿಮಿಷ ಹಿಡಿದರೂ ಒಟ್ಟು ೩೩ ಗಂಟೆ ೨೦ ನಿಮಿಷಗಳ ಕೆಲಸವಾಯಿತು. ಕಾಲಹರಣಕ್ಕಿಂತಲೂ ದೊಡ್ಡದಾದ ಅಪಾಯವೆಂದರೆ ಬೇಸರ. ಆರುನೂರನೆಯ ಜೋಡಿಯ ಹೊತ್ತಿಗೆ ಕಣ್ಣು ಮಂಜಾಗಿ, ಒಂದು ಕಚೇರಿಯ ಎಡಭಾಗಕ್ಕೆ ಇನ್ನೊಂದು ಕಚೇರಿಯ ಬಲಭಾಗವನ್ನು ಹಚ್ಚಿದರೆ, ಮೂಲಗಳನ್ನು ಆಮೇಲೆ ಅಳಿಸಿಬಿಟ್ಟರೆ, ತೀರಿಕೊಂಡ ವಿದ್ವಾಂಸರೊಬ್ಬರ ಗಾಯನವು ಎಂದೆಂದಿಗೂ ಅರ್ಧವಾಗಿ ಹೋದಂತೆಯೇ ಸರಿ. ಇಂತಹ ಕೆಲಸವನ್ನು ಬೇಸರವರಿಯದ ಯಂತ್ರಕ್ಕೆ ಒಪ್ಪಿಸುವುದು ಯುಕ್ತ. ಆದರೆ ಯಂತ್ರಕ್ಕೆ ಬೇಸರವಿಲ್ಲದಂತೆ ವಿವೇಕವೂ ಇಲ್ಲ. ತಪ್ಪನ್ನು ಹೇಳಿಕೊಟ್ಟರೆ ಸಾವಿರ ಸಲವೂ ಅದೇ ತಪ್ಪನ್ನು ನಿಷ್ಠೆಯಿಂದ ಮಾಡುತ್ತದೆ.

ಬ್ಯಾಚ್ ಎಂಬ ಮಾತು

ಬ್ಯಾಚ್ ಎಂಬುದು ಮೂಲತಃ ಬೇಕರಿಯ ಮಾತು: ಒಲೆಗೆ ಒಮ್ಮೆಗೇ ಹಾಕುವ ರೊಟ್ಟಿಗಳ ಸಮೂಹಕ್ಕೆ ಆ ಹೆಸರು. ರಂಧ್ರ ಕೊರೆದ ಕಾರ್ಡುಗಳಿಂದ ಗಣಕಕ್ಕೆ ಕೆಲಸವನ್ನು ಒಪ್ಪಿಸುತ್ತಿದ್ದ ಕಾಲದಲ್ಲಿ ಒಬ್ಬನ ಕೆಲಸ ಮುಗಿದ ಮೇಲೆ ಮತ್ತೊಬ್ಬನ ಕಾರ್ಡುಗಳನ್ನು ಕೈಯಿಂದ ಏರಿಸುವಷ್ಟರಲ್ಲಿ ಬೆಲೆಬಾಳುವ ಯಂತ್ರವು ಸುಮ್ಮನೆ ಕುಳಿತಿರುತ್ತಿತ್ತು. ೧೯೫೬ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಕಂಪೆನಿಗಳವರು ಐ.ಬಿ.ಎಮ್. ೭೦೪ ಎಂಬ ಗಣಕಕ್ಕಾಗಿ ರಚಿಸಿದ ವ್ಯವಸ್ಥೆಯು, ಒಂದು ಕೆಲಸ ಮುಗಿದೊಡನೆ ಮನುಷ್ಯನ ಕೈಗೆ ಕಾಯದೆ ಮುಂದಿನದನ್ನು ತಾನಾಗಿಯೇ ಆರಂಭಿಸುವಂತೆ ಮಾಡಿತು. ಇಪ್ಪತ್ತೈದು ವರ್ಷಗಳ ತರುವಾಯ, ೧೯೮೧ರಲ್ಲಿ, ಐ.ಬಿ.ಎಮ್. ಕಂಪೆನಿಯ ಪುಟ್ಟ ಗಣಕದೊಂದಿಗೆ ಬಂದ ಡಾಸ್ ವ್ಯವಸ್ಥೆಯಲ್ಲಿ ಅದೇ ಭಾವನೆಯು ‘ಬ್ಯಾಚ್ ಫೈಲು’ ಎಂಬ ರೂಪದಲ್ಲಿ ಮನೆಮನೆಯನ್ನು ಹೊಕ್ಕಿತು. ಕೀಲಿಮಣೆಯಲ್ಲಿ ಒಂದೊಂದಾಗಿ ಒತ್ತಬೇಕಾದ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಒಂದು ಸಾಧಾರಣ ಬರಹವೇ ಬ್ಯಾಚ್ ಫೈಲು. ವಿಂಡೋಸಿನಲ್ಲಿ ಅದು ಇಂದಿಗೂ ಜೀವಂತವಾಗಿದೆ. ಯೂನಿಕ್ಸ್ ಮತ್ತು ಲಿನಕ್ಸ್ ವ್ಯವಸ್ಥೆಗಳಲ್ಲಿ ಇದೇ ಕೆಲಸವನ್ನು ಶೆಲ್ ಎಂಬ ಆಜ್ಞಾಗ್ರಾಹಕನು ಮಾಡುತ್ತಾನೆ. ಇಂತಹ ಆಜ್ಞೆಗಳ ಸಾಲನ್ನು ಈ ಲೇಖನದಲ್ಲಿ ಆಜ್ಞಾವಳಿ ಎಂದು ಕರೆಯೋಣ.

ಧ್ವನಿಯನ್ನು ನೇರವಾಗಿ ಸಂಸ್ಕರಿಸುವ ಶಕ್ತಿ ಆಜ್ಞಾವಳಿಗೆ ಇಲ್ಲ. ಅದು ಮೇಸ್ತ್ರಿಯಿದ್ದಂತೆ, ಕೆಲಸ ಮಾಡುವ ಆಳು ಬೇರೆ. ಇಂತಹ ಆಳುಗಳಲ್ಲಿ ಇಬ್ಬರು ಪ್ರಸಿದ್ಧರು. ೧೯೯೧ರಲ್ಲಿ ಲ್ಯಾನ್ಸ್ ನಾರ್ಸ್ಕೋಗ್ ಎಂಬವರು ಬಿಡುಗಡೆ ಮಾಡಿದ ಸಾಕ್ಸ್ ಎಂಬುದು ಒಂದು. ೨೦೦೦ದಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಆರಂಭಿಸಿದ ಎಫ್‌ಎಫ್‌ಎಂಪೆಗ್ ಎಂಬುದು ಮತ್ತೊಂದು. ಎರಡನ್ನೂ ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು.

ಫೈಲಿನ ಒಳಗೆ ಏನಿದೆ?

ಜೋಡಿಯನ್ನು ಕೂಡಿಸುವುದೆಂದರೆ ಏನೆಂಬುದನ್ನು ತಿಳಿಯಬೇಕಾದರೆ ಫೈಲಿನ ಹೊಟ್ಟೆಯನ್ನು ಸ್ವಲ್ಪ ಬಗೆದು ನೋಡಬೇಕು. ೧೯೯೧ರಲ್ಲಿ ಮೈಕ್ರೋಸಾಫ್ಟ್ ಮತ್ತು ಐ.ಬಿ.ಎಮ್. ಕಂಪೆನಿಗಳು ಪ್ರಕಟಿಸಿದ ವೇವ್ ಎಂಬ ಮಾದರಿಯು ಬಹು ಸರಳವಾದುದು. ಆರಂಭದಲ್ಲಿ ಒಂದು ತಲೆಬರಹವಿರುತ್ತದೆ. ಅತ್ಯಂತ ಸರಳವಾದ ಫೈಲುಗಳಲ್ಲಿ ಅದರ ಉದ್ದ ೪೪ ಬೈಟುಗಳು. ಎಷ್ಟು ಚಾನೆಲ್ಲುಗಳಿವೆ, ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯಲಾಗಿದೆ, ಒಂದೊಂದು ಅಳತೆಗೆ ಎಷ್ಟು ಬಿಟ್ಟುಗಳು, ಒಟ್ಟು ಸರಕು ಎಷ್ಟು ಬೈಟು ಎಂಬ ವಿವರಗಳೆಲ್ಲ ಅಲ್ಲಿರುತ್ತವೆ. ಅದರ ಹಿಂದೆಯೇ ಅಳತೆಗಳ ಮೆರವಣಿಗೆ. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನ ಲೆಕ್ಕದಲ್ಲಿ ಸೆಕೆಂಡಿಗೆ ೪೪,೧೦೦ ಅಳತೆಗಳು, ಪ್ರತಿಯೊಂದಕ್ಕೂ ೧೬ ಬಿಟ್ಟು, ಎಂದರೆ ೨ ಬೈಟು. ಆದುದರಿಂದ ಒಂದು ಚಾನೆಲ್ಲಿಗೆ ಸೆಕೆಂಡಿಗೆ ೮೮,೨೦೦ ಬೈಟು ಬೇಕು; ನಾಲ್ಕು ನಿಮಿಷಗಳ ಒಂದು ಕೀರ್ತನೆಗೆ ೨,೧೧,೬೮,೦೦೦ ಬೈಟು.

ಸ್ಟೀರಿಯೋ ಫೈಲಿನಲ್ಲಿ ಮೊದಲು ಎಡದ ಅಳತೆಗಳೆಲ್ಲ, ಆಮೇಲೆ ಬಲದವೆಲ್ಲ ಎಂಬ ಕ್ರಮವಿಲ್ಲ. ಹೂವಾಡಗಿತ್ತಿಯು ಒಂದು ಮಲ್ಲಿಗೆ, ಒಂದು ಕನಕಾಂಬರ, ಮತ್ತೆ ಒಂದು ಮಲ್ಲಿಗೆ, ಒಂದು ಕನಕಾಂಬರ ಎಂದು ಕಟ್ಟುವಂತೆ, ಎಡದ ಒಂದು ಅಳತೆ, ಬಲದ ಒಂದು ಅಳತೆ ಎಂದು ಹೆಣೆಯಲ್ಪಟ್ಟಿರುತ್ತದೆ. ನುಡಿಸುವ ಯಂತ್ರಕ್ಕೆ ಒಂದೇ ಕ್ಷಣದಲ್ಲಿ ಎರಡೂ ಬೇಕಾಗುವುದರಿಂದ ಈ ಕ್ರಮವೇ ಅನುಕೂಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಒಂದೇ ಜೋಡಿಯನ್ನು ಮೂರು ವಿಧವಾಗಿ ಕೂಡಿಸಬಹುದೆಂಬುದೂ, ಮೂರರ ಫಲವೂ ಬೇರೆ ಬೇರೆಯೆಂಬುದೂ ಸ್ಪಷ್ಟವಾಗುತ್ತದೆ. ಹೂಮಾಲೆಯಂತೆ ಹೆಣೆಯುವುದು ಮೊದಲನೆಯದು. ಎಡ ಬಲಗಳು ಪ್ರತ್ಯೇಕವಾಗಿಯೇ ಉಳಿಯುತ್ತವೆ. ಎರಡನೆಯದು ಬೆರೆಸುವುದು, ಎಡದ ಅಳತೆಗೆ ಬಲದ ಅಳತೆಯನ್ನು ಗಣಿತದಂತೆ ಕೂಡಿ ಒಂದೇ ಸಂಖ್ಯೆ ಮಾಡುವುದು. ಹಾಲಿಗೆ ನೀರು ಬೆರೆಸಿದ ಮೇಲೆ ಬೇರ್ಪಡಿಸಲು ಬಾರದಂತೆ ಇಲ್ಲಿಯೂ ಎರಡು ಧ್ವನಿಗಳನ್ನು ಮರಳಿ ಪಡೆಯಲಾಗದು. ಮೂರನೆಯದು ಒಂದರ ಬಾಲಕ್ಕೆ ಇನ್ನೊಂದನ್ನು ಪೋಣಿಸುವುದು. ಕ್ಯಾಸೆಟ್ಟಿನ ಎರಡು ಮಗ್ಗುಲುಗಳಿಗೆ ತಕ್ಕದ್ದು ಇದು. ಸಾಕ್ಸ್ ಸಾಧನದಲ್ಲಿ ಹೆಣೆಯುವುದಕ್ಕೆ ದೊಡ್ಡಕ್ಷರದ ‘ಎಮ್’, ಬೆರೆಸುವುದಕ್ಕೆ ಚಿಕ್ಕಕ್ಷರದ ‘ಎಮ್’. ಏನನ್ನೂ ಹೇಳದಿದ್ದರೆ ಅದು ಪೋಣಿಸಿಬಿಡುತ್ತದೆ. ಒಂದು ಅಕ್ಷರದ ಗಾತ್ರವು ತಪ್ಪಿದುದರಿಂದ ಸಾವಿರ ಸ್ಟೀರಿಯೋ ಮುದ್ರಣಗಳು ಸಾವಿರ ಒಂಟಿ ಚಾನೆಲ್ಲಿನ ಮುದ್ರಣಗಳಾಗಬಹುದೆಂದರೆ ವಾಚಕರು ಆಶ್ಚರ್ಯಪಡಬೇಕಾದುದಿಲ್ಲ. ಬೆರೆಸುವಾಗ ಮೊತ್ತವು ಮೇರೆಮೀರಿ ಕರ್ಕಶವಾಗದಿರಲೆಂದು ಸಾಕ್ಸ್ ಪ್ರತಿಯೊಂದರ ಪ್ರಮಾಣವನ್ನೂ ಅರ್ಧಕ್ಕೆ ಇಳಿಸುತ್ತದೆಂಬುದನ್ನೂ ನೆನಪಿನಲ್ಲಿಡಬೇಕು.

ಎರಡು ಫೈಲುಗಳನ್ನು ಅಂಟಿಸುವ ‘ಕಾಪಿ’ ಎಂಬ ಆಜ್ಞೆಯು ವಿಂಡೋಸಿನಲ್ಲಿಯೇ ಇರುವಾಗ ಬೇರೆ ಸಾಧನವೇಕೆ ಎಂದು ಕೆಲವರು ಕೇಳುವುದುಂಟು. ಅದರಿಂದ ಅಂಟಿಸಿದರೆ ಬೈಟುಗಳೇನೋ ಒಂದರ ಹಿಂದೊಂದು ಕೂಡುತ್ತವೆ. ಆದರೆ ಮೊದಲ ಫೈಲಿನ ತಲೆಬರಹವು ತನ್ನ ಹಳೆಯ ಉದ್ದವನ್ನೇ ಸಾರುತ್ತಿರುತ್ತದೆ. ಅದನ್ನು ನಂಬಿದ ವಾದನಯಂತ್ರವು ಮೊದಲ ಭಾಗ ಮುಗಿದೊಡನೆ ನಿಲ್ಲುತ್ತದೆ. ನಂಬದೆ ಮುಂದುವರಿದ ಯಂತ್ರವಾದರೋ ಎರಡನೆಯ ಫೈಲಿನ ತಲೆಬರಹವನ್ನೂ ಧ್ವನಿಯೆಂದೇ ತಿಳಿದು ನಡುವೆ ಒಂದು ‘ಟಪ್’ ಎಂಬ ಶಬ್ದವನ್ನು ಹೊರಡಿಸುತ್ತದೆ.

ಜೊತೆಗಾರನನ್ನು ಹುಡುಕುವ ಬಗೆ

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ನೂರಾರು ಫೈಲುಗಳ ಗುಂಪಿನಲ್ಲಿ ಯಾವುದಕ್ಕೆ ಯಾವುದು ಜೊತೆ ಎಂಬುದನ್ನು ಯಂತ್ರಕ್ಕೆ ತಿಳಿಸುವುದು ಹೇಗೆ?

ಥಟ್ಟನೆ ತೋರುವ ಉಪಾಯವೊಂದುಂಟು. ಹೆಸರುಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿ, ಎರಡೆರಡನ್ನು ಎತ್ತಿಕೊಳ್ಳುತ್ತ ಹೋಗುವುದು. ಪಂಕ್ತಿಯಲ್ಲಿ ಕುಳಿತವರನ್ನು ಎರಡೆರಡಾಗಿ ಎಣಿಸಿದಂತೆ. ಎಲ್ಲವೂ ಸರಿಯಾಗಿರುವ ತನಕ ಇದು ಸರಿಯಾಗಿಯೇ ನಡೆಯುತ್ತದೆ. ಆದರೆ ಮೂವತ್ತೇಳನೆಯ ಮುದ್ರಣದ ಬಲಫೈಲು ಕಾರಣಾಂತರದಿಂದ ಕಾಣೆಯಾಗಿದೆಯೆನ್ನಿ. ಆಗ ಮೂವತ್ತೇಳರ ಎಡಕ್ಕೆ ಮೂವತ್ತೆಂಟರ ಎಡವೂ, ಮೂವತ್ತೆಂಟರ ಬಲಕ್ಕೆ ಮೂವತ್ತೊಂಬತ್ತರ ಎಡವೂ ಜೊತೆಯಾಗಿ, ಅಲ್ಲಿಂದ ಮುಂದೆ ಇಡೀ ಸಂಗ್ರಹವೇ ಕಲಸುಮೇಲೋಗರವಾಗುತ್ತದೆ. ಒಂದೇ ಫೈಲು ಕಳೆದಿದ್ದರೆ ಕಡೆಯಲ್ಲಿ ಒಂದು ಒಂಟಿಯಾಗಿ ಉಳಿದು ಅನುಮಾನವನ್ನಾದರೂ ಹುಟ್ಟಿಸೀತು. ಎರಡು ಕಳೆದಿದ್ದರೆ ಲೆಕ್ಕವು ಸಮಸಂಖ್ಯೆಯಾಗಿ, ಯಾರಿಗೂ ಸಂಶಯವೇ ಬಾರದು. ಇಂತಹ ಉಪಾಯವನ್ನು ಕೈಬಿಡುವುದೇ ಲೇಸು.

ಸರಿಯಾದ ಉಪಾಯವೆಂದರೆ ಎಡಫೈಲುಗಳನ್ನು ಮಾತ್ರ ಒಂದೊಂದಾಗಿ ತೆಗೆದುಕೊಂಡು, ಅದರ ಹೆಸರಿನಿಂದಲೇ ಜೊತೆಗಾರನ ಹೆಸರನ್ನು ರಚಿಸಿ, ಆ ಹೆಸರಿನವನು ನಿಜವಾಗಿಯೂ ಇದ್ದಾನೆಯೇ ಎಂದು ವಿಚಾರಿಸುವುದು. ಇಲ್ಲಿ ನಕ್ಷತ್ರ ಚಿಹ್ನೆಯು ಸಹಾಯಕ್ಕೆ ಬರುತ್ತದೆ. ‘*.ಎಲ್.ವೇವ್’ ಎಂದರೆ, ಮೊದಲು ಏನೇ ಇರಲಿ, ಕೊನೆಯಲ್ಲಿ ‘.ಎಲ್.ವೇವ್’ ಎಂದಿರುವ ಹೆಸರುಗಳೆಲ್ಲ ಎಂದರ್ಥ. ೧೯೭೧ರ ಮೊದಲ ಯೂನಿಕ್ಸಿನಲ್ಲಿ ಈ ಚಿಹ್ನೆಯನ್ನು ಬಿಡಿಸಿ ಹೆಸರುಗಳ ಪಟ್ಟಿ ಮಾಡುವುದಕ್ಕಾಗಿಯೇ ಗ್ಲಾಬ್ ಎಂಬ ಬೇರೊಂದು ಕಾರ್ಯಕ್ರಮವಿತ್ತು. ನಮ್ಮ ಆಜ್ಞಾವಳಿಯ ತಾತ್ಪರ್ಯವನ್ನು ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ:

ಪ್ರತಿಯೊಂದು ‘*.ಎಲ್.ವೇವ್’ ಫೈಲನ್ನೂ ತೆಗೆದುಕೊ;
ಅದರ ಹೆಸರಿನಿಂದ ‘.ಎಲ್.ವೇವ್’ ಎಂಬ ಬಾಲವನ್ನು ಕಳೆದು, ಉಳಿದುದನ್ನು ‘ಮೂಲ’ ಎಂದು ಕರೆ;
‘ಮೂಲ’ದ ಕೊನೆಗೆ ‘.ಆರ್.ವೇವ್’ ಎಂದು ಹಚ್ಚಿ, ಬಂದುದನ್ನು ‘ಜೊತೆ’ ಎಂದು ಕರೆ;
‘ಜೊತೆ’ ಎಂಬ ಫೈಲು ಇಲ್ಲದಿದ್ದರೆ ಆ ಸಂಗತಿಯನ್ನು ಪಟ್ಟಿಯಲ್ಲಿ ಬರೆದು ಮುಂದಿನದಕ್ಕೆ ನಡೆ;
ಇದ್ದರೆ ಎಡವನ್ನು ಮೊದಲು, ‘ಜೊತೆ’ಯನ್ನು ಅನಂತರ ಇಟ್ಟು, ಎರಡನ್ನೂ ಹೆಣೆದು, ಬೇರೊಂದು ಕೋಶದಲ್ಲಿ ‘ಮೂಲ.ವೇವ್’ ಎಂಬ ಹೆಸರಿನಿಂದ ಇಡು.

ಇದರಲ್ಲಿ ಕಾಣೆಯಾದ ಬಲಫೈಲು ತನ್ನ ಒಂದು ಜೋಡಿಯನ್ನು ಮಾತ್ರ ಕೆಡಿಸುತ್ತದೆಯೇ ಹೊರತು ನೆರೆಯವರ ಗೋಜಿಗೆ ಹೋಗುವುದಿಲ್ಲ. ಆದರೂ ಒಂದು ಸಂದು ಉಳಿದಿದೆ. ಎಡಫೈಲು ಕಳೆದುಹೋಗಿ ಬಲ ಮಾತ್ರ ಉಳಿದಿದ್ದರೆ, ಎಡಗಳನ್ನಷ್ಟೇ ಕೂಗುವ ಈ ಆಜ್ಞಾವಳಿಯು ಅದನ್ನು ಮಾತನಾಡಿಸುವುದೇ ಇಲ್ಲ. ಆದುದರಿಂದ ಬಲಗಳನ್ನು ಕೂಗಿ ಎಡಗಳನ್ನು ವಿಚಾರಿಸುವ ಇನ್ನೊಂದು ಸುತ್ತನ್ನೂ ಹಾಕಬೇಕು. ಹೆಣೆಯುವುದಕ್ಕಲ್ಲ, ಒಂಟಿಗಳ ಪಟ್ಟಿಗಾಗಿ ಮಾತ್ರ.

ಎಡವನ್ನು ಮೊದಲಿಡಬೇಕೆಂಬುದು ಕೇವಲ ಶಿಷ್ಟಾಚಾರವಲ್ಲ. ಸಾಧನವು ಹೆಸರುಗಳಲ್ಲಿರುವ ಎಲ್, ಆರ್‌ಗಳನ್ನು ಓದಲಾರದು; ಮೊದಲು ಕೊಟ್ಟುದನ್ನು ಮೊದಲ ಚಾನೆಲ್ಲಿಗೆ, ಎಂದರೆ ಎಡಕ್ಕೆ, ಹಾಕುತ್ತದೆ. ಕ್ರಮ ತಪ್ಪಿದರೆ ವೇದಿಕೆಯೇ ಕನ್ನಡಿಯಲ್ಲಿ ಕಂಡಂತಾಗಿ, ಪಿಟೀಲಿನವರೂ ಮೃದಂಗದವರೂ ಸ್ಥಾನ ಬದಲಿಸಿ ಕುಳಿತುಕೊಳ್ಳುತ್ತಾರೆ.

ವಿಂಡೋಸಿನಲ್ಲಿ ಬಾಲವನ್ನು ಕತ್ತರಿಸುವುದಕ್ಕೆ ಒಂದು ಸೊಗಸಾದ ಯುಕ್ತಿಯುಂಟು. ಅಲ್ಲಿ ‘ಫಾರ್’ ಎಂಬ ಆಜ್ಞೆಯು ಫೈಲುಗಳನ್ನು ಒಂದೊಂದಾಗಿ ಎತ್ತಿಕೊಡುತ್ತದೆ; ಅಲೆಗೆರೆಯನ್ನೂ ‘ಎನ್’ ಅಕ್ಷರವನ್ನೂ ಸೇರಿಸಿ ಕೇಳಿದರೆ ಕಡೆಯ ಚುಕ್ಕಿಯಿಂದ ಮುಂದಿನ ಭಾಗವನ್ನು ಕಳೆದು ಹೆಸರನ್ನು ಕೊಡುತ್ತದೆ. ‘ವೀಣೆ.ಎಲ್.ವೇವ್’ ಎಂಬುದರಿಂದ ‘ವೀಣೆ.ಎಲ್’ ಉಳಿಯಿತು. ಇದನ್ನೇ ಒಂದು ಫೈಲಿನ ಹೆಸರೆಂದು ಭಾವಿಸಿ ಮತ್ತೊಮ್ಮೆ ‘ಫಾರ್’ ಆಜ್ಞೆಯೊಳಗೆ ಹಾಕಿದರೆ ‘.ಎಲ್’ ಎಂಬುದೂ ಉದುರಿ ‘ವೀಣೆ’ ದೊರೆಯುತ್ತದೆ. ಈರುಳ್ಳಿಯ ಸಿಪ್ಪೆಯನ್ನು ಪದರಪದರವಾಗಿ ತೆಗೆದಂತೆ.

ಚುಕ್ಕಿಯ ಬದಲು ‘ವೀಣೆ_ಎಲ್.ವೇವ್’ ಎಂದು ಅಡಿಗೆರೆಯಿದ್ದರೆ ಈ ಯುಕ್ತಿ ನಡೆಯದು. ಹೆಸರನ್ನು ಒಂದು ಚರದಲ್ಲಿಟ್ಟುಕೊಂಡು, ಕಡೆಯ ಎರಡು ಅಕ್ಷರಗಳನ್ನು ಎಣಿಸಿ ಕತ್ತರಿಸಬೇಕಾಗುತ್ತದೆ. ಹೊಸಬರು ಮುಗ್ಗರಿಸುವುದು ಇಲ್ಲಿಯೇ. ಬ್ಯಾಚ್ ಫೈಲಿನಲ್ಲಿ ಚರದ ಹೆಸರನ್ನು ಎರಡು ಶೇಕಡಾ ಚಿಹ್ನೆಗಳ ನಡುವೆ ಬರೆದರೆ ಅದರ ಸ್ಥಾನದಲ್ಲಿ ಅದರ ಬೆಲೆಯು ಬಂದು ಕೂರುತ್ತದೆ. ಆದರೆ ಯಾವಾಗ? ಆವರಣದೊಳಗಿನ ಆಜ್ಞೆಗಳ ಇಡೀ ಗುಂಪನ್ನು ಮೊದಲ ಸಲ ಓದುವಾಗಲೇ, ಒಂದೇ ಒಂದು ಸಲ. ಸಾವಿರ ಸುತ್ತು ತಿರುಗಿದರೂ ಆಗ ಕೂತ ಬೆಲೆಯು ಕದಲುವುದಿಲ್ಲ. ಸಂತೆಗೆ ಹೊರಡುವ ಮುನ್ನವೇ ಎಲ್ಲ ಅಂಗಡಿಗಳ ಧಾರಣೆಯನ್ನೂ ಬರೆದುಕೊಂಡು ಹೋದವನಂತೆ! ಫಲವಾಗಿ ಪ್ರತಿಯೊಂದು ಸುತ್ತಿನಲ್ಲಿಯೂ ಒಂದೇ ಹೆಸರು, ಅಥವಾ ಬರಿಯ ಶೂನ್ಯ. ಇದನ್ನು ತಪ್ಪಿಸಲು ವಿಳಂಬಿತ ವಿಸ್ತರಣೆ ಎಂಬ ಏರ್ಪಾಡುಂಟು: ಅದನ್ನು ಮೊದಲೇ ಜಾರಿಗೆ ತಂದು, ಶೇಕಡಾ ಚಿಹ್ನೆಗಳ ಬದಲು ಉದ್ಗಾರ ಚಿಹ್ನೆಗಳನ್ನು ಬಳಸಿದರೆ ಪ್ರತಿ ಸುತ್ತಿನಲ್ಲಿಯೂ ಆಯಾ ಕ್ಷಣದ ಬೆಲೆಯು ದೊರೆಯುತ್ತದೆ. ಆದರೆ ಫೈಲಿನ ಹೆಸರಿನಲ್ಲಿಯೇ ಉದ್ಗಾರ ಚಿಹ್ನೆಯಿದ್ದರೆ ಅದನ್ನು ಈ ಏರ್ಪಾಡು ನುಂಗಿಹಾಕುತ್ತದೆ. ಶೆಲ್ಲಿನಲ್ಲಿ ಈ ಪೀಡೆಗಳಿಲ್ಲ. ಹೆಸರಿನ ಬಾಲವನ್ನು ಕಳೆಯುವ ಅನುಕೂಲವು ಚರದ ಬರವಣಿಗೆಯಲ್ಲಿಯೇ ಅಡಕವಾಗಿದೆ. ನನ್ನ ಮಟ್ಟಿಗೆ, ಆಯ್ಕೆಯಿದ್ದವರು ಶೆಲ್ಲನ್ನೇ ಆರಿಸಿಕೊಳ್ಳುವುದು ಒಳಿತು.

ಹೆಸರಿನಲ್ಲಿ ಎಡೆ ಬಿಟ್ಟು ಬರೆದ ಪದಗಳಿದ್ದರೆ ಎರಡು ಲೋಕಗಳಲ್ಲಿಯೂ ಉದ್ಧರಣ ಚಿಹ್ನೆಗಳು ಅವಶ್ಯಕ. ಇಲ್ಲವಾದರೆ ‘ಬೆಳಗಿನ ರಾಗ’ ಎಂಬುದನ್ನು ಯಂತ್ರವು ಎರಡು ಫೈಲುಗಳೆಂದು ಎಣಿಸುತ್ತದೆ.

ಕನ್ನಡದ ಹೆಸರುಗಳಿದ್ದರೆ

ಫೈಲುಗಳಿಗೆ ಕನ್ನಡದಲ್ಲಿಯೇ ಹೆಸರಿಡುವವರು ಇಂದು ಬಹಳ ಮಂದಿ. ವಿಂಡೋಸಿನ ಆಜ್ಞಾಗವಾಕ್ಷಿಯಲ್ಲಿ ಅಕ್ಷರಪದ್ಧತಿಯನ್ನು ಯೂನಿಕೋಡಿಗೆ, ಎಂದರೆ ೬೫೦೦೧ ಎಂಬ ಸಂಖ್ಯೆಯ ಪದ್ಧತಿಗೆ, ಬದಲಿಸಿಕೊಂಡರೆ ಕನ್ನಡದ ಹೆಸರುಗಳನ್ನು ಬ್ಯಾಚ್ ಫೈಲಿನಲ್ಲಿ ಬರೆಯಲು ತೊಡಕಿಲ್ಲ. ಆದರೆ ಇಲ್ಲಿ ಬೇರೊಂದು ವಿಚಿತ್ರವಿದೆ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳು ಯಂತ್ರದ ದೃಷ್ಟಿಯಲ್ಲಿ ಬೇರೆಯಾಗಿರಬಹುದು.

‘ಕೋಲಾಟ’ ಎಂಬ ಮಾತನ್ನು ನೋಡಿ. ಮೊದಲಕ್ಷರದಲ್ಲಿರುವ ಓಕಾರದ ಚಿಹ್ನೆಗೆ ಯೂನಿಕೋಡಿನಲ್ಲಿ ಒಂದೇ ಸಂಕೇತವುಂಟು. ಅದನ್ನೇ ಎತ್ವ, ಊಕಾರದ ಕೊಂಬು, ದೀರ್ಘ ಎಂಬ ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಯೂನಿಕೋಡಿನ ನಿಯಮದಂತೆ ಇವೆರಡೂ ಸಮಾನವಾದುವು. ಪರದೆಯ ಮೇಲೆಯೂ ಒಂದೇ ರೂಪ. ಆದರೆ ಬೈಟುಗಳನ್ನು ಹೋಲಿಸುವ ಯಂತ್ರಕ್ಕೆ ಇವು ಎರಡು ಬೇರೆ ಹೆಸರುಗಳು. ಆಪಲ್ ಕಂಪೆನಿಯ ಗಣಕಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಎಚ್.ಎಫ್.ಎಸ್. ಪ್ಲಸ್ ಎಂಬ ವ್ಯವಸ್ಥೆಯು ಹೆಸರುಗಳನ್ನು ಹೀಗೆ ಬಿಡಿಸಿದ ರೂಪದಲ್ಲಿಯೇ ಇಡುತ್ತಿತ್ತು. ಎಡಫೈಲು ಅಲ್ಲಿಂದಲೂ ಬಲಫೈಲು ವಿಂಡೋಸಿನಿಂದಲೂ ಬಂದಿದ್ದರೆ ‘ಜೊತೆ ಇಲ್ಲ’ ಎಂದು ಆಜ್ಞಾವಳಿಯು ಹಟ ಹಿಡಿಯುತ್ತದೆ. ಎರಡೂ ಅಕ್ಕಪಕ್ಕದಲ್ಲಿಯೇ ಕುಳಿತಿರುವುದನ್ನು ಕಂಡು ಮನುಷ್ಯನು ತಬ್ಬಿಬ್ಬಾಗುತ್ತಾನೆ. ಅರ್ಧಾಕ್ಷರಗಳ ಮುಂದೆ ಹಾಕುವ, ಅಗಲವೇ ಇಲ್ಲದ ಒಂದು ಅದೃಶ್ಯ ಚಿಹ್ನೆಯೂ ಇಂತಹದೇ ತಂಟೆಯನ್ನು ತಂದೊಡ್ಡುತ್ತದೆ. ಒಂದು ಹೆಸರಿನ ಕೊನೆಯ ‘ನ್’ ಮುಂದೆ ಅದು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಜೋಡಿ ಮುರಿದಂತೆಯೇ. ಕೆಲಸಕ್ಕೆ ಕೈಹಾಕುವ ಮೊದಲು ಹೆಸರುಗಳನ್ನೆಲ್ಲ ಒಂದೇ ರೂಪಕ್ಕೆ ತರುವುದು ಇದಕ್ಕೆ ಪರಿಹಾರ.

ಇಂಗ್ಲಿಷ್ ಹೆಸರುಗಳಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವು ಲಿನಕ್ಸಿಗೆ ಮುಖ್ಯ, ವಿಂಡೋಸಿಗೆ ಸಾಮಾನ್ಯವಾಗಿ ಅಲ್ಲ. ಕನ್ನಡಕ್ಕೆ ಆ ಕಷ್ಟವಾದರೂ ಇಲ್ಲ.

ಪರೀಕ್ಷೆ

ಹೆಸರು ಹೊಂದಿದ ಮಾತ್ರಕ್ಕೆ ಧ್ವನಿಗಳೂ ಹೊಂದುತ್ತವೆಂದು ನಂಬುವಂತಿಲ್ಲ. ಹೆಣೆಯುವುದಕ್ಕೆ ಮೊದಲು ಜೋಡಿಯ ಎರಡರಲ್ಲಿಯೂ ಅಳತೆಗಳ ವೇಗವೂ ಒಟ್ಟು ಸಂಖ್ಯೆಯೂ ಒಂದೇ ಆಗಿವೆಯೇ ಎಂದು ತಲೆಬರಹಗಳಿಂದ ತಿಳಿದುಕೊಳ್ಳಬೇಕು. ವೇಗಗಳು ಬೇರೆಯಾದರೆ ಸಾಕ್ಸ್ ಮುಂದುವರಿಯಲು ನಿರಾಕರಿಸುತ್ತದೆ, ಅದು ಒಳ್ಳೆಯದೇ. ಉದ್ದಗಳು ಬೇರೆಯಾದಲ್ಲಿ ಮಾತ್ರ ಅದು ದೂರುವುದಿಲ್ಲ: ಚಿಕ್ಕದರ ಕೊನೆಗೆ ಮೌನವನ್ನು ತುಂಬಿ ದೊಡ್ಡದಕ್ಕೆ ಸಮ ಮಾಡುತ್ತದೆ. ಎಫ್‌ಎಫ್‌ಎಂಪೆಗ್ ಸಾಧನದ ಹೆಣೆಯುವ ಸೋಸಕವಾದರೆ ಇದಕ್ಕೆ ವಿರುದ್ಧ: ಚಿಕ್ಕದು ಮುಗಿದಲ್ಲಿಗೆ ದೊಡ್ಡದನ್ನೂ ಕತ್ತರಿಸುತ್ತದೆ. ಒಂದೇ ಜೋಡಿ, ಇಬ್ಬರು ಆಳುಗಳು, ಎರಡು ಫಲಗಳು!

ಉದ್ದದ ಭೇದವು ಕೊನೆಯಲ್ಲಿದ್ದರೆ ಹಾನಿ ಅಲ್ಪ. ಆರಂಭದಲ್ಲಿಯೇ ಒಂದು ಫೈಲು ಕೆಲವು ಅಳತೆಗಳಷ್ಟು ತಡವಾಗಿದ್ದರೆ ಏನಾಗುವುದೆಂಬುದನ್ನು ಲೆಕ್ಕ ಹಾಕಿ ನೋಡೋಣ. ಒಂದು ಅಳತೆಯ ಕಾಲವೆಂದರೆ ಸೆಕೆಂಡಿನ ೪೪,೧೦೦ನೆಯ ಒಂದು ಪಾಲು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೩ ಮೀಟರುಗಳಂತೆ ಸಾಗುವುದರಿಂದ ಅಷ್ಟು ಹೊತ್ತಿನಲ್ಲಿ ಅದು ನಡೆಯುವ ದೂರ ೮ ಮಿಲಿಮೀಟರಿಗೂ ಕಡಿಮೆ. ಮೂವತ್ತು ಅಳತೆಗಳ ತಡವೆಂದರೆ ಸೆಕೆಂಡಿನ ಹತ್ತು ಸಾವಿರದಲ್ಲಿ ಏಳು ಪಾಲು. ಮೊದಲು ಹೇಳಿದ ಚಪ್ಪಾಳೆಯನ್ನು ನೆನಪಿಸಿಕೊಳ್ಳಿ: ಶಬ್ದವು ಸಂಪೂರ್ಣವಾಗಿ ಒಂದು ಪಕ್ಕದಿಂದ ಬಂದಾಗ ಎರಡು ಕಿವಿಗಳ ನಡುವೆ ಬೀಳುವ ಅಂತರವೂ ಹೆಚ್ಚುಕಡಿಮೆ ಇಷ್ಟೇ. ಆದುದರಿಂದ ಮೂವತ್ತು ಅಳತೆಗಳ ತಪ್ಪಿನಿಂದ, ವೇದಿಕೆಯ ನಡುವೆ ಕುಳಿತ ಗಾಯಕರು ಕೇಳುಗನಿಗೆ ಒಂದು ಮೂಲೆಗೆ ಸರಿದಂತೆ ತೋರುತ್ತಾರೆ. ಅಂತಹ ಜೋಡಿಯನ್ನು ಮುಂದೆ ಯಾರಾದರೂ ಒಂದೇ ಚಾನೆಲ್ಲಾಗಿ ಬೆರೆಸಿದರೆ ಕೆಲವು ಕಂಪನಗಳು ಒಂದನ್ನೊಂದು ರದ್ದುಮಾಡಿ, ಕಂಠವು ಕೊಳವೆಯೊಳಗಿಂದ ಬಂದಂತೆ ಟೊಳ್ಳಾಗುತ್ತದೆ.

ಇನ್ನೊಂದು ಮಿತಿಯನ್ನೂ ಹೇಳಬೇಕು. ವೇವ್ ಫೈಲು ತನ್ನ ಉದ್ದವನ್ನು ೩೨ ಬಿಟ್ಟುಗಳ ಸಂಖ್ಯೆಯಲ್ಲಿ ಬರೆದುಕೊಳ್ಳುವುದರಿಂದ ೪೨೯ ಕೋಟಿ ಬೈಟುಗಳಿಗಿಂತ ತುಸು ಹೆಚ್ಚಿನದನ್ನಷ್ಟೇ ಹೊರಬಲ್ಲದು. ಸೆಕೆಂಡಿಗೆ ೯೬,೦೦೦ ಅಳತೆ, ೨೪ ಬಿಟ್ಟುಗಳಂತೆ ಮುದ್ರಿಸಿದ ಎರಡೂವರೆ ಗಂಟೆಯ ಕಚೇರಿಯ ಒಂದೊಂದು ಫೈಲೂ ಸುಮಾರು ೨೫೯ ಕೋಟಿ ಬೈಟು. ಬಿಡಿಯಾಗಿ ಎರಡೂ ನಿಯಮಕ್ಕೆ ಒಳಪಟ್ಟಿವೆ. ಹೆಣೆದೊಡನೆ ೫೧೮ ಕೋಟಿಯಾಗಿ ಮೇರೆ ಮೀರುತ್ತದೆ. ಹೀಗೆ ಅರ್ಧಗಳು ಹಿಡಿಸಿದ ಪಾತ್ರೆಯಲ್ಲಿ ಪೂರ್ಣವು ಹಿಡಿಸದಿರುವಲ್ಲಿ, ಯೂರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟವು ರೂಪಿಸಿದ ಆರ್‌ಎಫ್೬೪ ಎಂಬ ದೊಡ್ಡ ಪಾತ್ರೆಯನ್ನು ಬಳಸಬೇಕು.

ಆಜ್ಞಾವಳಿಯನ್ನು ಮೊದಲ ಸಲ ನಡೆಸುವಾಗ ಹೆಣೆಯುವ ಆಜ್ಞೆಯ ಮುಂದೆ ‘ಎಕೋ’ ಎಂಬ ಪದವನ್ನು ಸೇರಿಸಿದರೆ ಯಂತ್ರವು ಏನನ್ನೂ ಮಾಡದೆ, ಮಾಡಲಿರುವುದನ್ನು ಪರದೆಯ ಮೇಲೆ ಬರೆದು ತೋರಿಸುತ್ತದೆ. ನಾಟಕಕ್ಕೆ ಮುಂಚಿನ ಅಭ್ಯಾಸದಂತೆ ಇದು. ಫಲಿತಗಳನ್ನು ಬೇರೆ ಕೋಶದಲ್ಲಿ ಇಡಬೇಕೆಂದು ಮೇಲೆ ಹೇಳಿದುದಕ್ಕೂ ಕಾರಣವುಂಟು. ಶೆಲ್ ಕೆಲಸ ಆರಂಭಿಸುವ ಮೊದಲೇ ಹೆಸರುಗಳ ಪಟ್ಟಿಯನ್ನು ಪೂರ್ಣವಾಗಿ ಮಾಡಿಕೊಳ್ಳುತ್ತದೆ; ವಿಂಡೋಸಿನ ‘ಫಾರ್’ ಹಾಗಲ್ಲ, ಕೋಶವನ್ನು ನೋಡುತ್ತ ನೋಡುತ್ತ ಮುಂದುವರಿಯಬಹುದು. ಹೊಸ ಫೈಲುಗಳು ಅದೇ ಕೋಶದಲ್ಲಿ ಅದೇ ನಮೂನೆಯ ಹೆಸರಿನಿಂದ ಹುಟ್ಟುತ್ತಿದ್ದರೆ, ತಾನೇ ಹೆತ್ತುದನ್ನು ತಾನೇ ಮತ್ತೆ ಸಂಸ್ಕರಿಸಲು ತೊಡಗುವ ಸಂಭವವುಂಟು. ಪ್ರತಿಯೊಂದು ಹೆಣಿಗೆಯ ಬಳಿಕ ಸಾಧನವು ಒಂದು ಸಂಖ್ಯೆಯನ್ನು ಹಿಂದಿರುಗಿಸುತ್ತದೆ: ಸೊನ್ನೆಯಾದರೆ ಕ್ಷೇಮ, ಬೇರೇನಾದರೂ ಆದರೆ ವಿಘ್ನ. ಆ ಸಂಖ್ಯೆಯನ್ನು ಪಟ್ಟಿಯಲ್ಲಿ ಬರೆದಿಟ್ಟುಕೊಂಡರೆ, ರಾತ್ರಿಯೆಲ್ಲ ನಡೆದ ಕೆಲಸದಲ್ಲಿ ಎಲ್ಲ ಜೋಡಿಗಳೂ ದಡ ಸೇರಿದುವೇ ಎಂಬುದು ಬೆಳಗ್ಗೆ ಎದ್ದೊಡನೆ ತಿಳಿಯುತ್ತದೆ.

ಮೂಲಗಳನ್ನು ಅಳಿಸುವ ಪ್ರಸಂಗ ಬಂದರೆ ಅದಕ್ಕೆ ಮೊದಲು ಒಂದು ಕಡೆಯ ಪರೀಕ್ಷೆಯನ್ನು ಮಾಡುವುದುಂಟು. ಹೆಣೆದ ಫೈಲಿನಿಂದ ಎಡದ ಎಳೆಯನ್ನು ಮತ್ತೆ ಬಿಡಿಸಿ, ಅದರ ಪ್ರತಿಯೊಂದು ಅಳತೆಯ ಧನವನ್ನು ಋಣವಾಗಿ, ಋಣವನ್ನು ಧನವಾಗಿ ತಿರುಗಿಸಿ, ಮೂಲದ ಎಡಫೈಲಿನೊಡನೆ ಬೆರೆಸಬೇಕು. ಎರಡೂ ಒಂದೇ ಆಗಿದ್ದಲ್ಲಿ ಮೊತ್ತವು ಎಲ್ಲೆಡೆಯೂ ಸೊನ್ನೆ; ಒಂದೇ ಒಂದು ಅಳತೆ ಬೇರೆಯಾಗಿದ್ದರೂ ಅದು ಆ ಮೌನದ ನಡುವೆ ತಲೆಯೆತ್ತಿ ನಿಲ್ಲುತ್ತದೆ. ಬಲಕ್ಕೂ ಹಾಗೆಯೇ. ಈ ಪರೀಕ್ಷೆಯನ್ನೂ ಅದೇ ಆಜ್ಞಾವಳಿಯೊಳಗೆ ಎರಡು ಸಾಲುಗಳಾಗಿ ಸೇರಿಸಬಹುದು.